ಎಲ್ಲರೂ ನೆಚ್ಚಿದ ಪ್ರಬಂಧ

ಕಣ್ಣಾಸ್ಪತ್ರೆಯ ಮೂರನೇ ಮಹಡಿಯ ಲೈಬ್ರರಿಯಲ್ಲಿ ಆಕೆ ಮೂರು ತಿಂಗಳಿಂದ ಒಂದೇ ಕೆಲಸಕ್ಕೆ ಅಂಟಿಕೊಂಡು ಕೂತಿದ್ದಳು. ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಗಾಜಿನಂಥ ಪದರ, ತೆಳುವಾಗಿ ಚೂಪಾಗುವ ಕಾಯಿಲೆಗೆ ಒಂದು ಚಿಕಿತ್ಸೆಯಿದೆ. ಹಳದಿ ಹನಿ ಬಿಟ್ಟು, ನೇರಳಾತೀತ ಬೆಳಕು ಹಾಯಿಸಿ ಪದರವನ್ನು ಬಿಗಿ ಮಾಡುತ್ತಾರೆ. ಅದರ ಮೇಲೆ ಯಾವ ವರ್ಷ ಎಷ್ಟು ಪ್ರಬಂಧ ಬಂದಿವೆ, ಯಾವುದನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆ ಎಂದು ಎಣಿಸಿ ನಕ್ಷೆ ಮಾಡಬೇಕಿತ್ತು. ದೊಡ್ಡ ಡಾಕ್ಟರು ಆ ಮಧ್ಯಾಹ್ನವೇ ಸಭೆಯಲ್ಲಿ ಅದನ್ನು ತೋರಿಸುವವರಿದ್ದರು.

"ಪೇಪರ್ ಎಣಿಸೋಕೂ ಸಂಬಳ ಕೊಡ್ತಾರೇನೇ?" ಎಂದು ಅಕ್ಕ ನಗುತ್ತಿದ್ದಳು. ತನ್ನ ಮಗಳಿಗೇ ಈ ಕಾಯಿಲೆ ಅಂದಾಗ ಆ ನಗು ನಿಂತಿತು. ಹದಿನಾರರ ಹುಡುಗಿ, ಆರು ತಿಂಗಳಲ್ಲಿ ಮೂರು ಸಲ ಕನ್ನಡಕ ಬದಲಾಯಿಸಿದ್ದಳು. ಕಾರ್ನಿಯಾ ತೀರಾ ತೆಳು, ಆದರೂ ಹೊಸ ವಿಧಾನದಲ್ಲಿ ಭಯವಿಲ್ಲ ಎಂದು ದೊಡ್ಡ ಡಾಕ್ಟರು ಧೈರ್ಯ ತುಂಬಿದ್ದರು. ಇವತ್ತು ಹತ್ತು ಗಂಟೆಗೆ ಅವಳ ಸರದಿ.

ಹತ್ತೂಕಾಲಿಗೆ ಆಕೆ ಕೊನೆಯ ಸಲ ಅಂಕಿಗಳನ್ನು ತಾಳೆ ನೋಡುತ್ತಿದ್ದಳು. ತೆಳು ಕಾರ್ನಿಯಾಕ್ಕೆ ಹೊಸ ವಿಧಾನದಿಂದ ಅಪಾಯವಿಲ್ಲ ಎಂದು ಸಾರಿದ, ಎಲ್ಲರೂ ಉಲ್ಲೇಖಿಸುವ ಪ್ರಬಂಧ ತೆರೆದರೆ, ಪುಟದ ನೆತ್ತಿಯ ಮೇಲೆ ನಿನ್ನೆ ಇಲ್ಲದ ಕೆಂಪು ಪಟ್ಟಿ: 'ಈ ಪ್ರಬಂಧವನ್ನು ಹಿಂಪಡೆಯಲಾಗಿದೆ. ಕಣ್ಣಿನ ಒಳಪದರಕ್ಕೆ ಹಾನಿಯಾದ ರೋಗಿಗಳನ್ನು ಲೆಕ್ಕದಿಂದ ಕೈಬಿಡಲಾಗಿತ್ತು.'

ನಲವತ್ತೊಂದು ಪ್ರಬಂಧಗಳು ಇದನ್ನೇ ನೆಚ್ಚಿಕೊಂಡಿದ್ದವು. ಆಪರೇಷನ್ ಥಿಯೇಟರಿಗೆ ಫೋನ್ ಮಾಡಿದಳು, ಯಾರೂ ಎತ್ತಲಿಲ್ಲ. ಹಾಳೆಯನ್ನು ಪ್ರಿಂಟ್ ತೆಗೆದವಳೇ, ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಓಡಿದಳು.

ಥಿಯೇಟರಿನ ಹೊರಗೆ ಬೆಂಚಿನಲ್ಲಿದ್ದ ಅಕ್ಕ ಎದ್ದು ನಿಂತಳು. "ಏನಾಯ್ತೇ? ಮುಖ ಯಾಕೆ ಹೀಗಿದೆ?"

"ಹೇಳ್ತೀನಿ ಕೂತ್ಕೋ," ಎಂದು ಬಾಗಿಲು ಬಡಿದಳು. ನರ್ಸ್ ಗದರಿದಳು. ಆಕೆ ಜಗ್ಗಲಿಲ್ಲ. ಕೊನೆಗೆ ದೊಡ್ಡ ಡಾಕ್ಟರೇ ಗ್ಲೌಸ್ ಹಾಕಿದ ಕೈಗಳನ್ನು ಎತ್ತಿಕೊಂಡು ಬಂದರು.

"ಏನ್ರೀ ಇದು ಗಲಾಟೆ? ಹನಿ ಬಿಟ್ಟಾಗಿದೆ."

"ಬೆಳಕು ಹಾಕಿದ್ರಾ ಸಾರ್?"

"ಇನ್ನೂ ಇಲ್ಲ."

"ಹಾಗಾದ್ರೆ ಹಾಕ್ಬೇಡಿ."

"ನೀವು ನನಗೆ ಹೇಳಿಕೊಡ್ತೀರಾ?"

"ಇಲ್ಲ ಸಾರ್. ಇದನ್ನೊಂದು ಓದಿಬಿಡಿ." ಅವರು ಮುಟ್ಟುವಂತಿರಲಿಲ್ಲ, ಆಕೆಯೇ ಹಾಳೆಯನ್ನು ಅವರ ಮುಖದೆದುರು ಹಿಡಿದಳು. ಅವರು ಎರಡು ಸಲ ಓದಿದರು. ಮಾಸ್ಕಿನ ಮೇಲಿನ ಕಣ್ಣುಗಳು ನೆಲಕ್ಕಿಳಿದವು.

"ಇದನ್ನ ನಂಬಿ ಹನ್ನೊಂದು ಜನಕ್ಕೆ ಮಾಡಿದೀನಿ," ಎಂದರು ಮೆಲ್ಲಗೆ. ಆಮೇಲೆ ಅಕ್ಕನ ಕಡೆ ತಿರುಗಿದರು. "ಅಮ್ಮಾ, ಹೊಸ ವಿಧಾನ ಬೇಡ. ಪದರ ಉಬ್ಬಿಸೋ ಹಳೇ ವಿಧಾನದ ಹನಿ ಇದೆ, ಅದನ್ನ ಬಿಟ್ಟು ನೋಡ್ತೀನಿ. ನಾನೂರು ಮೈಕ್ರಾನ್ ದಪ್ಪ ಆದ್ರೆ ಒಳಪದರಕ್ಕೆ ಪೆಟ್ಟಾಗಲ್ಲ, ಆಗ ಮಾತ್ರ ಬೆಳಕು. ಆಗದಿದ್ರೆ ಹಾಗೇ ಮನೆಗೆ ಕಳಿಸ್ತೀನಿ. ಒಪ್ಪಿಗೇನಾ?"

ಅಕ್ಕ ತಂಗಿಯ ಮುಖ ನೋಡಿದಳು. ತಂಗಿ ತಲೆಯಾಡಿಸಿದಳು. "ಆಯ್ತು," ಅಂದಳು ಅಕ್ಕ.

ಮೊದಲ ಅಳತೆ ಮುನ್ನೂರ ಅರವತ್ತೆರಡು. ಕಾಲು ಗಂಟೆಗೆ ಮುನ್ನೂರ ಎಂಬತ್ತು. ನರ್ಸ್ ಬಂದು ಅಂಕಿ ಹೇಳಿ ಹೋದಾಗಲೆಲ್ಲ ಅಕ್ಕನ ಉಗುರು ಆಕೆಯ ಮುಂಗೈಗೆ ಇನ್ನಷ್ಟು ನಾಟುತ್ತಿತ್ತು. ಮುನ್ನೂರ ತೊಂಬತ್ತೊಂದಕ್ಕೆ ಬಂದು ಅಲ್ಲೇ ನಿಂತುಬಿಟ್ಟಿತು. ಮತ್ತೆ ಇಪ್ಪತ್ತು ನಿಮಿಷಕ್ಕೆ ಬಾಗಿಲು ತೆರೆಯಿತು: "ನಾನೂರ ಎಂಟು. ಬೆಳಕು ಶುರು ಮಾಡಿದ್ರು." ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು.

ಹುಡುಗಿಯ ಕಣ್ಣು ಮುಂದೆ ಕೆಡಲಿಲ್ಲ. ಒಂದೇ ಕನ್ನಡಕದಲ್ಲಿ ವರ್ಷ ಕಳೆಯಿತು. ಆದರೆ ಅಂದಿನ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಮಧ್ಯಾಹ್ನದ ಸಭೆಯಲ್ಲಿ ದೊಡ್ಡ ಡಾಕ್ಟರು ಏರುವ ಗೆರೆಯ ನಕ್ಷೆ ಬದಿಗಿಟ್ಟು ಕೆಂಪು ಪಟ್ಟಿಯನ್ನೇ ಮೊದಲು ತೋರಿಸಿದರು, ತಾನೂ ಮೋಸಹೋದೆ ಎಂದರು. ಸಂಜೆ ಲೈಬ್ರರಿಗೆ ಬಂದು ಹನ್ನೊಂದು ಹೆಸರುಗಳ ಪಟ್ಟಿ ಮೇಜಿನ ಮೇಲಿಟ್ಟರು. ಆಕೆ ನಂಬರ್ ಒತ್ತಿಕೊಟ್ಟಳು, ಅವರು ಮಾತಾಡಿದರು. ಎಂಟು ಜನ ಚೆನ್ನಾಗಿದ್ದೇವೆ ಎಂದರು. ಒಂಬತ್ತನೆಯವನು ತಡೆದು ತಡೆದು ಹೇಳಿದ: "ಬಲಗಣ್ಣು ಒಂದಿಷ್ಟು ಮಂಜು ಸಾರ್. ಅದು ಹಾಗೇ ಇರುತ್ತೆ ಅಂದ್ಕೊಂಡಿದ್ದೆ."

"ನಾಳೆ ಬೆಳಿಗ್ಗೆನೇ ಬನ್ನಿ. ನಾನೇ ಇರ್ತೀನಿ," ಎಂದ ಡಾಕ್ಟರು ಫೋನ್ ಕೆಳಗಿಡದೆ ಕಿವಿಗೆ ಒತ್ತಿಕೊಂಡೇ ಕೂತರು. ಆಕೆ ಹತ್ತನೆಯ ನಂಬರಿನ ಮೇಲೆ ಬೆರಳಿಟ್ಟುಕೊಂಡು ಕಾದಳು.