ಬೆಸುಗೆ ಹಾಕಿದ ಬಾಗಿಲು

ಮಂಡಳದ ಹಿಂಬಾಗಿಲಿಗೆ ಬೆಸುಗೆ ಹಾಕಿಸಿದ ದಿನ ಊರಿನ ಗಂಡಸರು ಕೋಟೆ ಗೆದ್ದು ಬಂದವರ ಹಾಗೆ ಮನೆಗೆ ಹೋದರು. ಇದ್ದದ್ದು ಒಂದು ಕಬ್ಬಿಣದ ಬಾಗಿಲು, ಅದಕ್ಕೆ ಅಡ್ಡಲಾಗಿ ಹೊಡೆದದ್ದು ಎರಡು ಪಟ್ಟಿ. ಅಷ್ಟಕ್ಕೇ ಅಪ್ಪಾಸಾಬನ ಮೀಸೆ ಎಷ್ಟು ಮೇಲಕ್ಕೆದ್ದಿತೆಂದರೆ, ಕಾಗೆ ನೋಡಿದ್ದರೆ ಕೊಂಬೆಯೆಂದು ತಿಳಿದು ಗೂಡು ಕಟ್ಟಿಬಿಡುತ್ತಿತ್ತು.

ಆದರೆ ಬಾಗಿಲು ಮುಚ್ಚೋಣ ಎಂದು ಮೊದಲು ಬಾಯಿಬಿಟ್ಟವಳು ತ್ರಿಶಲಾ.

ಶಿರಗುಪ್ಪಿಯ ಹಾದಿಯಲ್ಲಿರುವ ಆ ಊರಿನ ತರುಣ ಮಂಡಳಕ್ಕೆ ತ್ರಿಶಲಾಳ ಗಂಡ ಜಯಪಾಲ ಅಧ್ಯಕ್ಷ. ಮಂಡಳಕ್ಕೊಂದು ಉದ್ದನೆಯ ಹಾಲ್. ಮೇಲೆ ತಗಡಿನ ಪತ್ರಾ, ಕೆಳಗೆ ಕಬಡ್ಡಿ ಆಡುವ ಮ್ಯಾಟು. ಗಂಡುಹುಡುಗರು ಮುಂಜಾನೆ ಆಡುತ್ತಿದ್ದರು, ಸಂಜೆ ಕೇರಂ ಬಡಿಯುತ್ತ ಊರಿನ ಸುದ್ದಿ ಅರೆಯುತ್ತಿದ್ದರು. ಚಿಕ್ಕೋಡಿಯ ಕಾಲೇಜಿನಲ್ಲಿ ಕಬಡ್ಡಿ ಆಡಿ, ಕೊರಳಿಗೆ ತಾಳಿ ಬಿದ್ದೊಡನೆ ಆಟ ಬಿಟ್ಟಿದ್ದ ತ್ರಿಶಲಾ, ಮಗಳು ಮಯೂರಿ ಹೈಸ್ಕೂಲಿಗೆ ಬಂದಾಗ ಗಂಡನ ತಲೆ ತಿಂದಳು. ಅವನ ತಲೆಯಲ್ಲಿ ಇದ್ದದ್ದೇ ಅಷ್ಟು, ಅದೂ ಖಾಲಿಯಾದ ಮೇಲೆ ಅವನು ಹೂಂ ಅಂದ. ಹೆಣ್ಣುಮಕ್ಕಳ ತಂಡವಾಯಿತು.

ತಂಡದ ಜೀವ ಅಪ್ಪಾಸಾಬನ ಮಗಳು ದಾನೇಶ್ವರಿ. ಅವಳು ರೇಡಿಗೆ ಹೋದರೆ ಎದುರಿನವರ ಕೈಗೆ ಸಿಗುತ್ತಿದ್ದದ್ದು ಬರೀ ಗಾಳಿ. ಅವಳಪ್ಪ ಮಾತ್ರ ಮೊದಲ ವಾರವೇ ಬಂದು ಹಾಲಿನ ನಡುವೆ ನಿಂತ.

"ವೈನಿ, ಹಿಂದ ದುಂಡೇಶನ ಕಬ್ಬ ಐತಿ. ಅದರಾಗ ಆನಿ ಹೊಕ್ಕರೂ ಗೊತ್ತಾಗೂದಿಲ್ಲ. ಊರ ಹುಡುಗ್ರು ಅಲ್ಲಿ ಕುಂತ ನಮ್ಮ ಹುಡಿಗ್ಯಾರ ಕಾಲ ನೋಡಾಕತ್ತಾರ. ಇಂಥಾ ಆಟ ನಮಗ ಬ್ಯಾಡ್ರಿ."

ಉಳಿದ ತಂದೆಯರೂ ತಲೆಯಾಡಿಸಿದರು. ಆಟ ಕೈಬಿಟ್ಟು ಹೋಗುತ್ತದೆಂದು ಹೆದರಿದ ತ್ರಿಶಲಾ ತಟ್ಟನೆ ಅಂದುಬಿಟ್ಟಳು:

"ಹಿಂದಿನ ಬಾಗಲಾ ಮುಚ್ಚಿಬಿಡೂಣ್ರಿ ಅಣ್ಣಾ. ಯಾರ ಕಣ್ಣೂ ಬೀಳೂದಿಲ್ಲ."

ಬಾಗಿಲಿಗೆ ಬೆಸುಗೆ ಬಿತ್ತು. ಕಿಟಕಿಗಳಿಗೆ ಪತ್ರಾ ಬಡಿದರು. ಇನ್ನು ಗಾಳಿ ಕೂಡ ಹೆಸರು ಹೇಳಿ, ಅಪ್ಪಾಸಾಬನ ಅಪ್ಪಣೆ ಪಡೆದು ಒಳಗೆ ಬರಬೇಕಿತ್ತು. ಹೋಗಿ ಬರುವುದಕ್ಕೆ ಉಳಿದದ್ದು ಮುಂದಿನ ಶಟರ್ ಒಂದೇ. ಆ ಶಟರಿನ ಮುಂದಿನ ಪಡಸಾಲೆಯಲ್ಲಿ ಗಣಪತಿ ಹಬ್ಬದ ಥರ್ಮಾಕೋಲ್ ಅರಮನೆ, ಪೆಂಡಾಲಿನ ಬಟ್ಟೆಯ ಸುರುಳಿಗಳು, ಪ್ಲಾಸ್ಟಿಕ್ ಹೂವಿನ ಗಂಟು, ಜನರೇಟರಿಗೆಂದು ತಂದಿಟ್ಟ ಪೆಟ್ರೋಲ್ ಕ್ಯಾನು. ನಡುವೆ ಒಬ್ಬರು ಮೈ ಓರೆ ಮಾಡಿಕೊಂಡು ಹೋಗುವಷ್ಟು ಸಂದು. ಜಯಪಾಲನ ಹೊಟ್ಟೆಗೆ ಅದೂ ಸಾಲುತ್ತಿರಲಿಲ್ಲ. ಅವನು ಒಳಹೋಗುವಾಗ ಉಸಿರು ಹೊರಗೆ ಬಿಟ್ಟು ಹೋಗಬೇಕಿತ್ತು.

ಒಂದು ಮಧ್ಯಾಹ್ನ ಆಟದ ನಡುವೆ ಕರೆಂಟು ಹೋಯಿತು. ಮುಚ್ಚಳ ಹಾಕಿದ ಗಡಿಗೆಯೊಳಗಿನ ಕತ್ತಲು. ಹುಡುಗಿಯರು ಕಿಸಕಿಸ ನಗುತ್ತ, ಒಬ್ಬರ ಹೆಗಲು ಒಬ್ಬರು ಹಿಡಿದು ಶಟರಿನ ಬೆಳಕು ಹುಡುಕಿಕೊಂಡು ಹೋದರು. ತ್ರಿಶಲಾ ಮಾತ್ರ ಗೋಡೆ ತಡವುತ್ತ ಹಿಂಬಾಗಿಲಿನವರೆಗೂ ಹೋಗಿ ದೂಡಿ ನೋಡಿದಳು. ಬಂಡೆ ದೂಡಿದ ಹಾಗಿತ್ತು.

ಅಂದೇ ಗಂಡ ಊಟಕ್ಕೆ ಕೂತಾಗ ಮಾತು ತೆಗೆದಳು. "ಆ ಪಟ್ಟಿ ಕೊಯಿಸಿ ಒಳಗಿಂದ ಚಿಲಕಾ ಹಾಕ್ಸರಿ. ಬೆಂಕಿ ಗಿಂಕಿ ಬಿದ್ದು ಏನರ ಹೆಚ್ಚು ಕಡಿಮಿ ಆದ್ರ ಪೋರಿಗೋಳು ಎಲ್ಲಿಂದ ಹೊರಗ ಬರಬೇಕು?"

"ಬೆಂಕಿ ಹತ್ತಾಕ ಅದೇನ ಹುಲ್ಲಿನ ಬಣವಿ ಏನ? ಸಿಮಿಟಿನ ಗ್ವಾಡಿ, ಮ್ಯಾಲ ಪತ್ರಾ."

"ಗ್ವಾಡಿ ಹತ್ತೂದಿಲ್ರಿ. ಒಳಗ ಇದ್ದವ್ರು ಹತ್ತತಾರ."

ಮೂಲೆಯಲ್ಲಿ ಬೆಳ್ಳುಳ್ಳಿಯಿಲ್ಲದ ಚಟ್ನಿ ಕುಟ್ಟುತ್ತಿದ್ದ ಜಯಪಾಲನ ತಾಯಿ ಸೋನಾಬಾಯಿ ಒನಕೆ ನಿಲ್ಲಿಸಿದಳು. "ನಿನ್ನ ಮಂಡಳದಾಗ ಇಲಿ ಹೊಕ್ಕರ, ಅದರ ಮೊಮ್ಮಗಳ ಮದವಿ ಆದ್ರೂ ಹೊರಗ ಬರೂ ಹಾದಿ ಸಿಗೂದಿಲ್ಲ ನೋಡೊ ತಮ್ಮಾ. ಹೇಣ್ತಿ ಹೇಳೂದ ಕೇಳು."

"ಅವ್ವಾ, ನೀ ಸುಮ್ನಿರು. ಬೆಂಕಿ ಆರಿಸೂ ಸಿಲಿಂಡರ್ ತಂದ ಹಾಕೇನಿ, ನಿಪ್ಪಾಣಿಯಿಂದ."

"ಅದನ್ನ ಗಣಪತಿ ಮೆರವಣಿಗ್ಯಾಗ ಹುಡುಗ್ರು ಬುಸ್ ಅಂತ ಬಿಟ್ಟ ರೀಲ್ಸ್ ಮಾಡ್ಯಾರ," ಎಂದಳು ತ್ರಿಶಲಾ. "ಬರೇ ಡಬ್ಬಿ ಐತಿ ಅದು."

ನಿಜವೇ. ಕೆಂಪು ಸಿಲಿಂಡರಿನ ಬಿಳಿ ಹೊಗೆಯಲ್ಲಿ ಗಣಪತಿ ಕೈಲಾಸದಿಂದ ಇಳಿದು ಬಂದಂತೆ ಕಂಡಿದ್ದ. ಜಯಪಾಲನೇ ಎದುರಿಗೆ ನಿಂತು ಕುಣಿದಿದ್ದ. ಅವನು ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿದ.

"ತುಂಬ್ಸೂಣಂತ. ಆದ್ರ ಬಾಗಲಾ ತೆಗದ್ರ ಅಪ್ಪಾಸಾಬ ಮಗಳನ್ನ ಮನ್ಯಾಗ ಕುಂದ್ರಸ್ತಾನ. ಅಕಿ ಕುಂತ್ರ ತಂಡನೂ ಕುಂತಂಗ. ರಾಯಬಾಗದ ಟೂರ್ನಮೆಂಟಿಗೆ ಆಡಾಕ ನೀ ಹೋಗ್ತಿ?"

ಆಟ ನಿಲ್ಲುತ್ತದೆ ಎಂಬ ಮಾತಿಗೆ ತ್ರಿಶಲಾ ಮತ್ತೆ ಹೆದರಿದಳು. ಟೂರ್ನಮೆಂಟು ಮುಗಿಯಲಿ, ಆಮೇಲೆ ತೆಗೆಸಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಅಂದಿನಿಂದ ಮಗಳು ಶಟರ್ ದಾಟಿ ಒಳಗೆ ಹೋದಾಗಲೆಲ್ಲ ಇವಳು ಹೊರಗೆ ಶಟರನ್ನೇ ನೋಡುತ್ತ ನಿಲ್ಲುತ್ತಿದ್ದಳು.

ಕಬ್ಬಿನ ಹಂಗಾಮು ಬಂತು. ಊರೂರಿಗೆ ಕರಿ ಬೀಳತೊಡಗಿತು. ಹೊಲದಲ್ಲಿ ಸುಟ್ಟ ರವದಿಯ, ಕಬ್ಬಿನ ಒಣಗರಿಯ ಚೂರುಗಳು ಗಾಳಿಯಲ್ಲಿ ತೇಲುತ್ತ ಬಂದು ಒಣಹಾಕಿದ ಸೀರೆಯ ಮೇಲೆ, ಹಾಲಿನ ಪಾತ್ರೆಯಲ್ಲಿ, ಮಲಗಿದವರ ಹಣೆಯ ಮೇಲೆ ಕೂರುತ್ತಿದ್ದವು. ಸೋನಾಬಾಯಿ, "ಈ ವರ್ಷ ಕೊಡಪಾನದಾಗಿನ ಚಂದ್ರನೂ ಕರ್ರಗಾಗ್ಯಾನ," ಎನ್ನುತ್ತ ಮುಚ್ಚಿದ್ದನ್ನೇ ಮತ್ತೆ ಮುಚ್ಚುತ್ತಿದ್ದಳು.

ಟೂರ್ನಮೆಂಟಿನ ಹಿಂದಿನ ದಿನ ತ್ರಿಶಲಾ ಮಂಡಳದ ಹಿಂದೆ ಹೋದಾಗ, ದುಂಡೇಶ ಬದುವಿನ ಮೇಲೆ ಟ್ರ್ಯಾಕ್ಟರಿಗೆ ನೀರಿನ ಟ್ಯಾಂಕರ್ ಕಟ್ಟಿಕೊಂಡು ನಿಂತಿದ್ದ. ಕಬ್ಬು ಕಡಿಯುವ ಗ್ಯಾಂಗಿನವರು ಬೆಂಕಿ ದಾಟದಂತೆ ಪಕ್ಕದ ಹೊಲಗಳ ಕಡೆಯ ಒಣ ರವದಿಯನ್ನೆಲ್ಲ ಎಳೆದು ಸ್ವಚ್ಛ ಮಾಡುತ್ತಿದ್ದರು.

"ಇವತ್ತ ಸುಡಾಂವ ಏನ?"

"ಹೌದ್ರಿ ವೈನಿ. ಹಂಗ ಕಡೀರಿ ಅಂದ್ರ ಗ್ಯಾಂಗಿನವ್ರು ವಲ್ಲೆವ ಅಂತಾರ, ರವದಿ ಮೈ ಕೊಯ್ತೈತಿ. ಕಾರ್ಖಾನಿ ಗಾಡಿ ನಾಳೆ ಬರತಾವು. ಸಂಜಿಕ ಗಾಳಿ ಬಿದ್ದ ಮ್ಯಾಲೆ ಬೆಂಕಿ ಕೊಡೂದು."

"ಮಂಡಳದ ಕಡೆ ಯಾಕ ಎಳದಿಲ್ಲ?"

"ಅಲ್ಲಿ ಗ್ವಾಡಿನ ಐತಲ್ರಿ! ಅದಕ್ಕಿಂತ ದೊಡ್ಡ ಬದು ಯಾವ್ದ ಐತಿ?" ದುಂಡೇಶ ನಕ್ಕ.

ತ್ರಿಶಲಾ ನಗಲಿಲ್ಲ. ನೇರ ಹೋಗಿ ಜಯಪಾಲನಿಗೆ ಗಂಟುಬಿದ್ದಳು. ಕಬ್ಬು ಸುಟ್ಟು ಮುಗಿಯುವ ತನಕ ಒಬ್ಬ ಹುಡುಗಿಯೂ ಒಳಗಿರಬಾರದು. ಅಷ್ಟಕ್ಕೆ ಅವನು ಒಪ್ಪಿದ. ಅಂದು ಎಲ್ಲರೂ ಎಚ್ಚರವಾಗಿಯೇ ಇದ್ದರು, ಇಡೀ ಊರು ಎಚ್ಚರವಾಗಿತ್ತು. ಆದರೆ ಎಚ್ಚರವಿದ್ದದ್ದು ಹಿಂದಿನ ಕಡೆಗೆ.

ಹೊತ್ತು ಇಳಿಯುವಾಗ ದುಂಡೇಶ ಬೆಂಕಿ ಕೊಟ್ಟ. ಕಬ್ಬು ಉರಿಯುವ ಸದ್ದು ಕೇಳಿದವರಿಗೇ ಗೊತ್ತು, ಸಾವಿರ ಗುಡಾಣ ಜೋಳ ಒಮ್ಮೆಲೇ ಹುರಿದ ಹಾಗೆ. ಊರಿಗೆ ಊರೇ ರಸ್ತೆಗೆ ಬಂತು. ಓಡಿಬರುವ ಮೊಲಕ್ಕೆಂದು ಕೆಲವರು ಬಡಿಗೆ ತಂದಿದ್ದರು. ಹುಡುಗಿಯರು ರಸ್ತೆಯ ಆಚೆ ದಂಡೆಗೆ ನಿಂತಿದ್ದರು. ತ್ರಿಶಲಾ ಡಬ್ಬಿಯಲ್ಲಿ ರೊಟ್ಟಿ ತಂದಿದ್ದಳು. ಹೊತ್ತು ಮುಳುಗಿದ ಮೇಲೆ ಜೈನರಾದ ಅವರ ಮನೆಯಲ್ಲಿ ಯಾರೂ ಬಾಯಿಗೆ ತುತ್ತು ಇಡುತ್ತಿರಲಿಲ್ಲ. ಮಯೂರಿ ನಿಂತಲ್ಲೇ ಬೆಂಕಿ ನೋಡುತ್ತ ಉಂಡಳು. ಮಂಡಳದ ಪತ್ರಾದ ಮೇಲೆ ಹಾದು, ಕೆಂಪಂಚಿನ ಕರಿ ಚೂರುಗಳು ಮುಂದಿನ ಪಡಸಾಲೆಯ ಕಡೆಗೆ ಉದುರುತ್ತಿದ್ದವು. ಕರಿ ಎಲ್ಲರ ತಲೆಯ ಮೇಲೂ ಉದುರುತ್ತಿತ್ತು. ಅದನ್ನು ಯಾರು ನೋಡುತ್ತಾರೆ?

ಎಲೆ ಅಡಿಕೆ ಹಾಕಿ ಉಗುಳುವಷ್ಟರಲ್ಲಿ ಹೊಲ ಸುಟ್ಟು ಕರಿ ಕಂಬಗಳು ನಿಂತವು. "ಆತಲ್ಲ! ಏನಾತ ಈಗ?" ಎಂದ ಜಯಪಾಲ, ಬೆಂಕಿಯನ್ನು ತಾನೇ ಊದಿ ಆರಿಸಿದವನ ಹಾಗೆ. "ನಡೀರಿ, ನಡೀರಿ. ನಾಳೆ ರಾಯಬಾಗಕ್ಕ ಹೋಗೂದೈತಿ, ಒಂದೀಟ ಆಡ್ರಿ."

ಹುಡುಗಿಯರು ಒಬ್ಬೊಬ್ಬರಾಗಿ ಸಂದಿಯಲ್ಲಿ ಹಾದು ಒಳಗೆ ಹೋದರು. ತ್ರಿಶಲಾಳೂ ಮಗಳ ಬೆನ್ನು ತಟ್ಟಿ ಕಳಿಸಿದಳು. ರಸ್ತೆಯ ತುಂಬ ಗಂಡಸರು ನಿಂತದ್ದು ನೋಡಿ ಅಪ್ಪಾಸಾಬ ಮುಂದೆ ಬಂದು ಶಟರ್ ಪೂರ್ತಿ ಕೆಳಗೆ ಎಳೆದ. "ಒಳಗಿಂದ ಕೊಂಡಿ ಹಾಕ್ಕೊಳ್ರಿ," ಎಂದು ಕೂಗಿದ. ಒಳಗೆ ಮೊಬೈಲಿನ ಹಾಡು ಶುರುವಾಯಿತು.

ಜನ ಮೊಲದ ಹಿಂದೆ ಹೋದರು. ತ್ರಿಶಲಾ ರಸ್ತೆಯಾಚೆಯ ನಳದಲ್ಲಿ ಡಬ್ಬಿ ತೊಳೆಯುತ್ತಿದ್ದಳು. ಸುಟ್ಟ ಕಬ್ಬಿನ ಬೆಲ್ಲದಂಥ ವಾಸನೆಯ ನಡುವೆ ಇನ್ನೊಂದು ವಾಸನೆ ಬಂತು. ಗಂಟಲಿಗೆ ಬೆರಳು ಹಾಕಿದಂಥ ವಾಸನೆ. ತಿರುಗಿದಳು.

ಪೆಂಡಾಲಿನ ಬಟ್ಟೆಯ ಸುರುಳಿಯಿಂದ ಹೊಗೆ ಮೆಲ್ಲಗೆ, ಮುದುಕನ ಬೀಡಿಯ ಹೊಗೆಯಷ್ಟು ಸಾವಕಾಶವಾಗಿ ಏಳುತ್ತಿತ್ತು. ಅವಳು ರಸ್ತೆ ದಾಟುವುದರೊಳಗೆ ಬಟ್ಟೆ ಹತ್ತಿಕೊಂಡಿತು. ಥರ್ಮಾಕೋಲ್ ಅರಮನೆ ಉರಿಯಲಿಲ್ಲ, ಕರಗಿ ಉರಿಯುವ ಹನಿಯಾಗಿ ಸುರಿಯಿತು. ಪೆಟ್ರೋಲ್ ಕ್ಯಾನು ಧಡ್ಡೆಂದು ಸಿಡಿಯಿತು. ಶಟರ್ ಎದುರಿಗೇ ಇತ್ತು, ನಡುವೆ ಬೆಂಕಿ ಗೋಡೆ ಕಟ್ಟಿ ನಿಂತಿತ್ತು.

"ಮಯೂರೀ!"

ಹಾಡು ನಡೆದೇ ಇತ್ತು. ಆಮೇಲೆ ಹಾಡಿನೊಳಗಿಂದ ಕಿರುಚಾಟ ಎದ್ದಿತು.

ತ್ರಿಶಲಾ ಹಿಂದಕ್ಕೆ ಓಡಿದಳು. ಸುಟ್ಟ ನೆಲ ಚಪ್ಪಲಿ ದಾಟಿ ಕಾಲು ಸುಡುತ್ತಿತ್ತು. ಕಬ್ಬಿಣದ ಬಾಗಿಲಿಗೆ ಒಳಗಿನಿಂದ ಕೈಗಳು ಬೀಳುತ್ತಿದ್ದವು, ಎಷ್ಟೋ ಕೈಗಳು. ಕಬ್ಬಿನ ಉರಿಗೆ ಕಾದಿದ್ದ ಪಟ್ಟಿ ಹಿಡಿದು ಎಳೆದಳು. ಅಂಗೈಯ ಚರ್ಮ ಅಲ್ಲೇ ಉಳಿಯಿತು.

"ದುಂಡೇಶಾ! ಟ್ರ್ಯಾಕ್ಟರ ತಾರೊ! ಸರಪಳಿ ತಾರೊ!"

ದುಂಡೇಶನ ಟ್ಯಾಂಕರಿನಲ್ಲಿ ನೀರು ಮುಗಿದಿತ್ತು. ಅವನು ಟ್ಯಾಂಕರ್ ಕಳಚಿ ಒಗೆದು, ಟ್ರ್ಯಾಕ್ಟರನ್ನು ಕರಿ ಕಬ್ಬಿನ ಮೇಲೆಯೇ ಹಾಯಿಸಿಕೊಂಡು ಬಂದ. ಅವಳು ಸರಪಳಿಯ ಕೊಂಡಿಯನ್ನು ಪಟ್ಟಿಗೆ ಸಿಕ್ಕಿಸಿದಳು. "ಬಾಗಲಾ ಬಿಟ್ಟ ಸರೀರೇ! ಮ್ಯಾಟಿನ ಮ್ಯಾಲ ಮಕಾಡೆ ಬೀಳ್ರಿ!" ಮೊದಲ ಸಲ ಸರಪಳಿ ಜಾರಿ ಹಾವಿನಂತೆ ಬೀಸಿತು. ಒಳಗೆ ಬಡಿತ ಕಡಿಮೆಯಾಗುತ್ತಿತ್ತು. ಆ ಕಡಿಮೆಯಾಗುವುದನ್ನು ಕೇಳಿಸಿಕೊಂಡಷ್ಟು ಹೊತ್ತಿನಲ್ಲಿ ತ್ರಿಶಲಾ ಏಳು ಜನ್ಮದಷ್ಟು ಮುದುಕಿಯಾದಳು. ಇನ್ನೊಮ್ಮೆ ಸಿಕ್ಕಿಸಿದಳು. ಚೌಕಟ್ಟು ಇಟ್ಟಂಗಿ ಸಮೇತ ಕಿತ್ತು ಬಂತು.

ಹೊಗೆ ಮೊದಲು ಬಂತು, ಹಿಂದಿನಿಂದ ಹುಡುಗಿಯರು. ಕೆಮ್ಮುತ್ತ, ತೆವಳುತ್ತ, ಒಬ್ಬರನ್ನೊಬ್ಬರು ಎಳೆದುಕೊಂಡು ಕರಿ ಹೊಲಕ್ಕೆ ಬಿದ್ದರು. ಮಯೂರಿ ಬಂದಳು. ಎಲ್ಲರಿಗಿಂತ ಕೊನೆಗೆ ದಾನೇಶ್ವರಿ. ಮುಂದಿನ ಶಟರಿನ ಕೊಂಡಿ ತೆಗೆಯಲು ಹೋಗಿ ಎರಡೂ ಕೈ ಸುಟ್ಟುಕೊಂಡಿದ್ದಳು. ಅಷ್ಟರಲ್ಲಿ ಊರೆಲ್ಲ ಬಂದು ಹೊಲದ ಸುತ್ತ ನಿಂತಿತ್ತು. ಅಪ್ಪಾಸಾಬ ಗುಂಪು ಸೀಳಿಕೊಂಡು ಬಂದ, ಹೆಗಲ ಮೇಲಿನ ಟವೆಲು ತೆಗೆದು ಮಗಳ ಮೊಣಕಾಲಿಗೆ ಸುತ್ತಿದ.

"ಕೈ ನೋಡ್ರಿ ಅಣ್ಣಾ!" ತ್ರಿಶಲಾ ಚೀರಿದಳು. "ಅಕಿ ಕೈ ನೋಡ್ರಿ!"

ಅವನು ಕೈ ನೋಡಿದ್ದು ಟವೆಲಿನ ಗಂಟು ಬಿಗಿದ ಮೇಲೆ.

ಆ ರಾತ್ರಿ ಜಯಪಾಲ ಮಗಳ ಕಾಲ ಹತ್ತಿರ ಕೂತು ಎಮ್ಮೆಯ ಹಾಗೆ ಅತ್ತ. ಮುಂಜಾನೆ ಎದ್ದು ಮುಖ ತೊಳೆದು ಮತ್ತೆ ಅಧ್ಯಕ್ಷನಾದ. ಅಂಗಳದಲ್ಲಿ ಮಂಡಳದ ಮೀಟಿಂಗು ಕೂತಿತು. ದೇವರು ದೊಡ್ಡವನು ಎಂದರು. ಹುಡುಗಿಯರನ್ನು ಆಡಲು ಬಿಟ್ಟದ್ದೇ ತಪ್ಪು ಎಂದರು. ಹಿಂದೆ ಬಾಗಿಲು ಕಿತ್ತ ಜಾಗ ಹಾಗೇ ಬಿಟ್ಟರೆ ಸಾಮಾನು ಕಳವಾಗುತ್ತದೆ, ಇಟ್ಟಂಗಿ ಕಟ್ಟಿಬಿಡೋಣ ಎಂದರು.

"ಇಟ್ಟಂಗಿ?" ಒಳಗಿನಿಂದ ಸೋನಾಬಾಯಿ ಕೇಳಿದಳು. "ಸುಮ್ನ ಗೋರಿನ ಕಟ್ಟಿಬಿಡ್ರೆಪಾ, ಒಮ್ಮೆ ಕೆಲಸ ಮುಗೀತೈತಿ."

ಯಾರೋ ನಕ್ಕರು. ಇಟ್ಟಂಗಿ ಬಂತು, ಗೋಡೆ ಎದ್ದಿತು. ರಾಯಬಾಗಕ್ಕೆ ಯಾರೂ ಹೋಗಲಿಲ್ಲ. ಹೆಣ್ಣುಮಕ್ಕಳ ತಂಡ ಅಲ್ಲಿಗೆ ಮುಗಿಯಿತು. ಕೈಗೆ ಬಟ್ಟೆ ಸುತ್ತಿಕೊಂಡ ದಾನೇಶ್ವರಿ ಮನೆ ಹೊಸ್ತಿಲು ದಾಟಲಿಲ್ಲ. ಪಡಸಾಲೆಗೆ ಹೊಸ ಸುಣ್ಣ ಬಳಿದರು. ಗಂಡುಹುಡುಗರು ಮತ್ತೆ ಕೇರಂ ಬಡಿಯತೊಡಗಿದರು.

ಮುಂದಿನ ವರ್ಷದ ಕಬ್ಬು ಸುಡುವ ಹೊತ್ತಿಗೆ, ಒಂದು ಸಂಜೆ ತ್ರಿಶಲಾ ಆ ಹಾದಿಯಲ್ಲಿ ಬರುವಾಗ ಟೆಂಪೋದಿಂದ ಹೊಸ ಥರ್ಮಾಕೋಲ್ ಕಮಾನು ಇಳಿಯುತ್ತಿತ್ತು. ಯಾವುದೋ ಜಯಂತಿಯ ಮೆರವಣಿಗೆಗಂತೆ. ಶಟರಿನ ಮುಂದೆ ಸುರುಳಿಯ ಮೇಲೆ ಸುರುಳಿ ಬಟ್ಟೆ. ಒಳಗೆ ಯಾರ್ಯಾರದೋ ಮಕ್ಕಳ ನಗು, ಸ್ಪೀಕರಿನ ಹಾಡು. ಊರಾಚೆ ಎಲ್ಲೋ ಹೊಗೆ ಏಳುತ್ತಿತ್ತು. ಒಂದು ಕರಿ ಚೂರು ತೇಲಿ ಬಂದು ಅವಳ ತೋಳಿನ ಮೇಲೆ ಕೂತಿತು.

ಅವಳು ಕಮಾನಿನ ತುದಿ ಹಿಡಿದು ರಸ್ತೆಗೆ ಎಳೆದಳು.

"ಏ, ಏನ ಮಾಡಾಕತ್ತಿ?" ಜಯಪಾಲ ಓಡಿಬಂದ. "ಜನಾ ನೋಡಾಕತ್ತಾರ!"

"ನೋಡ್ಲಿ."

ಶಟರಿನ ಕಡೆ ತಿರುಗಿ ಅವಳು ಗಟ್ಟಿಯಾಗಿ ಕೂಗಿದಳು: "ಒಳಗಿನವ್ರು ಮದಲ ಹೊರಗ ಬರ್ರೆಪಾ!"

ಯಾರೂ ಬರಲಿಲ್ಲ. ಒಳಗೆ ಯಾರೋ ಹಾಡಿನ ಸದ್ದು ಹೆಚ್ಚು ಮಾಡಿದರು. ಗಾಯದ ಗುರುತಿದ್ದ ಅಂಗೈಗಳಿಂದ ತ್ರಿಶಲಾ ಇನ್ನೊಂದು ಸುರುಳಿಗೆ ಕೈ ಹಾಕಿದಳು.