ಎಡಗಿವಿಯ ತಾಳ

ಗಂಡನ ಜೊತೆ ಮಾತಾಡಬೇಕಾದರೆ ಬಲಗಡೆಗೇ ಕೂಡಬೇಕು ಎಂಬುದನ್ನು ಅಂಜಲಿ ಮದುವೆಯಾದ ಹೊಸದರಲ್ಲೇ ಕಲಿತಿದ್ದಳು. ಮಧುವಿನ ಎಡಗಿವಿ ಸತ್ತು ಎಷ್ಟೋ ವರ್ಷವಾಗಿತ್ತು. ಕೊಂದವನು ಹೊರಗಿನವನಲ್ಲ, ಹೆತ್ತಪ್ಪ ಜಟ್ಟೆಪ್ಪ. ಬ್ಯಾಡಗಿ ಸೀಮೆಯಲ್ಲಿ ಕರಡಿ ಎಂಬ ಚರ್ಮವಾದ್ಯ ಬಾರಿಸುವ ಕರಡಿ ಮಜಲು ಎಂದರೆ ಜಟ್ಟೆಪ್ಪನ ಮೇಳವೇ. ಆ ಮನೆತನದಲ್ಲಿ ಕರಡಿ ವಾದ್ಯ ಕಲಿಸುವ ಪದ್ಧತಿ ಒಂದೇ: ಅಪ್ಪ ಬಾಯಲ್ಲಿ ಬಡಿತದ ಬೋಲು ಹೇಳಬೇಕು, ಮಗ ಬಾರಿಸಬೇಕು, ಲಯ ತಪ್ಪಿದರೆ ಕಪಾಳಕ್ಕೆ ಬೀಳಬೇಕು. ಮಧು ಸಣ್ಣವನಿದ್ದಾಗ ಬಿದ್ದ ಅಂಥದೊಂದು ಏಟಿಗೆ ಕಿವಿಯಿಂದ ರಕ್ತ ಸೋರಿತು. ಆಮೇಲೆ ಮೇಳದ ಗದ್ದಲದಲ್ಲಿ ಅವನಿಗೆ ಶಹನಾಯಿ ಸರಿಯಾಗಿ ಕೇಳಿಸದಾಯಿತು. ಕಿವುಡು ಮಾಡಿದವನೇ ಎಲ್ಲರೆದುರು 'ಕಿವುಡ' ಎಂದು ಕರೆದು ಮೇಳದಿಂದ ಹೊರಗಟ್ಟಿದ, ನಾಚಿಕೆಗೆಟ್ಟವನು. ಮಧು ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊರತೊಡಗಿದ.

ಅಂಜಲಿ ಅಗಡಿಯವಳು, ಹತ್ತನೆಯ ತರಗತಿ ಪಾಸಾದವಳು. ಗಂಡನ ಕಿವಿಗೆ ಸಿಗದ ವಿದ್ಯೆ ಪುಸ್ತಕದಿಂದಾದರೂ ಸಿಗಲಿ ಎಂದು ೨೦೦೪ರ ಬೇಸಿಗೆಯಲ್ಲಿ ರಾಣೆಬೆನ್ನೂರಿನ ಪುಸ್ತಕದಂಗಡಿಗೆ ಹೋದಳು.

"ಕರಡಿ ಬಾರಿಸೂದು ಕಲಿಯೂ ಪುಸ್ತಕ ಐತೇನ್ರಿ?"

"ಅದನ್ಯಾರು ಬರ್ದಾರ ತಂಗಿ!" ಅಂಗಡಿಯ ಕುಲ್ಸುಮಬಿ ನಕ್ಕು ಎರಡು ಪುಸ್ತಕ ಮುಂದಿಟ್ಟಳು. "ಮೊದ್ಲ ಈ ತಾಳದ್ದು ಓದು. ಮಾತ್ರಾ ಅಂದ್ರೇನು, ಸಮ ಎಲ್ಲಿ ಬೀಳತೈತಿ, ಎಲ್ಲಾ ತಲಿಗೆ ಹೋಗ್ಲಿ. ಆಮ್ಯಾಲೆ ಈ ತಬಲಾದ್ದು. ಬೆರಳು ಬ್ಯಾರೆ, ಲೆಕ್ಕ ಒಂದ."

ಮಾವ ಮನೆಯಲ್ಲಿಲ್ಲದಾಗ ಅವಳು ಓದಿ ಹೇಳುತ್ತ ಗಂಡನ ಬೆನ್ನ ಮೇಲೆ ಕೈಯಿಂದ ತಾಳ ಹಾಕುತ್ತಿದ್ದಳು. ಮಧು ಬೆನ್ನಿನಿಂದಲೇ ಕೇಳುತ್ತ ಬಾರಿಸುತ್ತಿದ್ದ. ದೀಪಾವಳಿಯ ಹೊತ್ತಿಗೆ ಲಯ ಕೈಗೆ ಕೂತಿತ್ತು. ಹಾವೇರಿಯ ಒಂದು ಮದುವೆಗೆ ಮೇಳದಲ್ಲಿ ಒಬ್ಬ ಕಡಿಮೆ ಬಿದ್ದಿದ್ದ. ಆ ಜಾಗ ಕೇಳಿಯೇ ತೀರುತ್ತೇನೆ ಎಂದು ಮಧು ಎದೆ ಗಟ್ಟಿ ಮಾಡಿಕೊಂಡ.

ಕೇಳುವ ಮೊದಲೇ, ಬಾರಿಸಲು ಕದರಮಂಡಲಗಿಗೆ ಹೋಗಿದ್ದ ಜಟ್ಟೆಪ್ಪ ಬೇಗ ಮರಳಿ ಬಂದುಬಿಟ್ಟ. ಒಲೆಯ ಪಕ್ಕ ಸೊಸೆ ಮೆಣಸಿನಕಾಯಿ ತೊಟ್ಟು ಮುರಿಯುತ್ತ, ತೊಡೆಯ ಮೇಲಿನ ಪುಸ್ತಕ ನೋಡಿ ಬೋಲು ಹೇಳುತ್ತಿದ್ದಳು. ಮಗ ಬಾರಿಸುತ್ತಿದ್ದ.

"ನಮ್ಮ ಮನಿ ವಿದ್ಯಾ ಪುಸ್ತಕದ ಹಾಳಿಗೆ ಹಚ್ಚಿ ಮಾರಾಕ ಕುಂತೀರೇನು?"

"ಇದು ನಿಮ್ಮದಲ್ರಿ ಮಾವಾರ. ಅಂಗಡ್ಯಾಗ ಯಾರಿಗಾದ್ರೂ ಸಿಗತೈತ್ರಿ."

ಆ ಮಾತಿಗೆ ಅವನ ಪಿತ್ತ ನೆತ್ತಿಗೇರಿತು. ಪುಸ್ತಕ ಕಸಿದು ಒಲೆಗೆ ತುರುಕಿದ. ಬುಟ್ಟಿಗೆ ಒದ್ದ ರಭಸಕ್ಕೆ ಮೆಣಸಿನಕಾಯಿಯೂ ಬೆಂಕಿಗೆ ಬಿದ್ದು ಮನೆ ತುಂಬ ಘಾಟೆದ್ದಿತು. ಕರಡಿಯ ಕೋಲು ಕಿತ್ತುಕೊಂಡು ಮಗನ ಹೆಗಲಿಗೆ, ಬೆನ್ನಿಗೆ ದನಕ್ಕೆ ಬಡಿದ ಹಾಗೆ ಬಡಿದ. ಮಧು ತಲೆ ಬಗ್ಗಿಸಿ ಏಟು ತಿಂದ. ಸಣ್ಣಂದಿನ ರೂಢಿ ಅದು.

"ಉಳಿದದ್ದೊಂದ ಕಿವೀನೂ ಬಂದ್ ಮಾಡ್ತೇನಿ ತಡಿ!"

ಕೋಲು ಬಲಗಿವಿಯತ್ತ ಏಳುತ್ತಲೇ ಅಂಜಲಿ ಹಾರಿ ಎರಡೂ ಅಂಗೈಗಳನ್ನು ಮಾವನ ಕಣ್ಣಿಗೆ ಒತ್ತಿ ತಿಕ್ಕಿದಳು. ಮುಂಜಾನೆಯಿಂದ ತೊಟ್ಟು ಮುರಿದ ಕೈ. ಜಟ್ಟೆಪ್ಪ ಚೀರಿ ಕಣ್ಣು ಕಾಣದೆ ಕೋಲು ಬೀಸಿದ. ಅದು ಅವಳ ಹಣೆ ಒಡೆಯಿತು.

ಹೆಂಡತಿಯ ರಕ್ತ ಕಂಡದ್ದೇ ಮಧು ಮನುಷ್ಯನಾಗಿ ಉಳಿಯಲಿಲ್ಲ. ಅಪ್ಪನನ್ನು ಕೆಡವಿ, ಎದೆಯ ಮೇಲೆ ಮೊಣಕಾಲೂರಿ, ಬಲಗೈಯನ್ನು ನೆಲಕ್ಕೆ ಒತ್ತಿ ಹಿಡಿದ. ಊರೆಲ್ಲ ಹೊಗಳುವ ಕೈ ಅದು. ಅವನ ಕೋಲನ್ನೇ ಕಸಿದು ಎತ್ತಿದ. ಮುದುಕ ಕಣ್ಣು ಕಾಣದೆ ತಲೆ ಎತ್ತಿ, ಮಗನ ಎಡಗಿವಿಗೆ ಬಾಯಿ ತಂದು ನರಳಿದ.

"ಬಿಡೋ ಮಗನ... ನಿನ್ನ ಕಿವಿದು ನಂದ ತಪ್ಪಾತೋ..."

ಅಂಜಲಿಗೆ ಕೇಳಿಸಿತು. ತಡಿರಿ ಎಂದು ಕೂಗಬೇಕೆಂದರೆ ಘಾಟಿಗೆ ಗಂಟಲು ಕಟ್ಟಿತ್ತು. ಕೋಲು ಇಳಿಯಿತು. ಮಣಿಕಟ್ಟಿನ ಎಲುಬು ಮುರಿದದ್ದು ಅವಳಿಗೆ ನಿಚ್ಚಳವಾಗಿ ಕೇಳಿತು.

ಜಟ್ಟೆಪ್ಪ ಕೈ ಎದೆಗವಚಿಕೊಂಡು ಹೊರಳಾಡುತ್ತಿದ್ದ. ಮಧು ಏದುಸಿರು ಬಿಡುತ್ತ ಹೆಂಡತಿಯ ಹಣೆ ಒರೆಸಿದ.

"ಅಪ್ಪನ ತುಟಿ ಅಲುಗಿದ್ವು. ಏನಂದ?"

ಅವಳು ಸುತ್ತು ಹಾಕಿ ಬಲಗಡೆಗೆ ಬಂದು ಕೂತಳು.

"ತಪ್ಪಾತು ಅಂದ್ರು."

ಮಧು ಕೋಲು ಕೆಳಗಿಟ್ಟ.

"ನಾ ಹೊಡ್ಯೂದಕ್ಕಿಂತ ಮೊದ್ಲೋ, ಆಮ್ಯಾಲೋ?"

ಸುಳ್ಳು ಹೇಳಬಹುದಿತ್ತು. ಅವಳಿಂದ ಆಗಲಿಲ್ಲ.

"ಮೊದ್ಲ," ಎಂದಳು.