ಪಿಳ್ಳಮ್ಮನ ತಿಥಿ ಫೋಟೊ

ಲಗ್ಗೆರೆಯ ಲೋಕೇಶನಿಗೆ ಮಗಳು ತೆಗೆದ ಫೋಟೊ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಸ್ಟುಡಿಯೊ ಇಟ್ಟವನ ಮಗಳು ಒಂದು ಲೈಟ್ ಹಾಕಿ ಫೋಟೊ ತೆಗೆಯಬಾರದೇ? ಮಂಜುಶ್ರೀ ತೆಗೆದದ್ದೆಲ್ಲ ಕತ್ತಲೆ. ಪೀಣ್ಯದ ಮುಚ್ಚಿದ ಫ್ಯಾಕ್ಟರಿಯ ಗೋಡೆ, ಖಾಲಿ ಕುರ್ಚಿ, ಯಾರದೋ ಬೆನ್ನು. ಏನಮ್ಮಾ ಇದು ಅಂದರೆ, ನೋಡ್ತಾ ಇರಪ್ಪ, ತಾನಾಗೇ ಗೊತ್ತಾಗುತ್ತೆ ಅನ್ನುತ್ತಿದ್ದಳು. ಪಾಪ, ಲೋಕೇಶ್ ನೋಡಿಯೇ ನೋಡಿದ. ಕಣ್ಣು ನೋವು ಬಂತೇ ಹೊರತು ಏನೂ ಗೊತ್ತಾಗಲಿಲ್ಲ.

ಅವನ ಸ್ಟುಡಿಯೊದಲ್ಲಿ ಕತ್ತಲೆಗೆ ಜಾಗವೇ ಇರಲಿಲ್ಲ. ಎಂಥ ಮುಖವಾದರೂ ಬೆಳ್ಳಗೆ ಮಾಡಿ, ಹಿಂದೆ ನೀಲಿ ಆಕಾಶ ಹಾಕಿ, ಮೊಡವೆ, ಮಚ್ಚೆ, ಗಾಯದ ಗುರುತುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಒರೆಸಿ ಕೊಡುತ್ತಿದ್ದ. ಸತ್ತವರ ಫೋಟೊಗೆ ಹಾರ ಹಾಕಬೇಕೆಂದರೆ ಜನ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು.

ಈಗ ಸತ್ತದ್ದು ಅವನ ಅವ್ವ ಪಿಳ್ಳಮ್ಮ. ನಾಳೆ ತಿಥಿ. ಊರಿಗೆಲ್ಲ ಫೋಟೊ ತೆಗೆದವನ ಹತ್ತಿರ ಹೆತ್ತವಳದ್ದೇ ಇಲ್ಲ. ಪಿಳ್ಳಮ್ಮನ ಎಡಗೆನ್ನೆಯಲ್ಲಿ ತೊನ್ನಿನ ಕಲೆ ಇತ್ತು. ಕ್ಯಾಮೆರಾ ಕಂಡರೆ ಸಾಕು, ಸೆರಗನ್ನು ಮುಖಕ್ಕೆಳೆದುಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ಮಗನ ಮದುವೆ ಆಲ್ಬಮ್ಮಿನಲ್ಲೂ ಬರೀ ಬೆನ್ನು. ಆಧಾರ್ ಕಾರ್ಡಿನದನ್ನು ದೊಡ್ಡದು ಮಾಡಿದರೆ ಮುಖವೋ ರಾಗಿಮುದ್ದೆಯೋ ತಿಳಿಯದು.

ಉಳಿದದ್ದು ಒಂದೇ, ಮಂಜುಶ್ರೀ ತೆಗೆದದ್ದು. ಅಡಿಗೆಮನೆಯ ಕಿಟಕಿ ಪಕ್ಕ ಅಜ್ಜಿ ಕೂತಿದ್ದಾಳೆ. ಒಂದು ಕಣ್ಣು, ಮೂಗುಬೊಟ್ಟು, ಮಡಿಲಲ್ಲಿಟ್ಟ ಬೆರಳುಗಳು. ಮಿಕ್ಕದ್ದೆಲ್ಲ ಕಪ್ಪು. ಲೈಟ್ ಹಾಕೋಕೆ ನಿನಗೇನು ರೋಗ ಬಂದಿತ್ತು ಅಂತ ಮಗಳನ್ನು ಬೈದುಕೊಂಡೇ ಲೋಕೇಶ್ ಅದನ್ನು ಕಂಪ್ಯೂಟರಿಗೆ ಹಾಕಿದ. ಬೆಳಕು ಏರಿಸಿದ ಹಾಗೆಲ್ಲ ಹಿಂದಿನಿಂದ ಸಿಲಿಂಡರ್ ಬಂತು, ಬಕೆಟ್ ಬಂತು, ಕೊನೆಗೆ ಕೆನ್ನೆಯ ಕಲೆಯೂ ಬಂತು. ಅಭ್ಯಾಸಬಲ, ಕೈ ತಾನಾಗಿ ಹೋಗಿ ಕಲೆ ಒರೆಸಿತು. ಸುಕ್ಕನ್ನೂ ಒರೆಸಿತು. ನೀಲಿ ಆಕಾಶ ಹಾಕಿ, ಕಟ್ಟು ಹಾಕಿಸಿ, ಸದ್ಯ ಮುಗೀತು ಅಂತ ಉಸಿರುಬಿಟ್ಟ.

ಸಾಯಂಕಾಲ ಪಿಳ್ಳಮ್ಮನ ತಮ್ಮ ನರಸಪ್ಪ ಬಂದ. ಕನ್ನಡಕ ಏರಿಸಿ ನೋಡಿದ, ಇಳಿಸಿ ನೋಡಿದ. ಇದ್ಯಾರಪ್ಪಾ, ಬ್ಯಾಂಕಿನ ಮೇಡಮ್ಮಾ ಅಂತ ಕೇಳಿದ. ನಿಮ್ಮಕ್ಕನೇ ಮಾವ, ಸರಿಯಾಗಿ ನೋಡಿ ಅಂತ ಲೋಕೇಶ್ ರೇಗಿದ. ನರಸಪ್ಪ ಫೋಟೊವನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಅಕ್ಕನ ಮುಖ ನೋಡ್ಕಂಡು ಒಸಿ ಅಳಾನ ಅಂತ ಬಂದೆ ಕಣೋ ಲೋಕೇಸ. ಈವಮ್ಮನ ಮುಂದೆ ಎಂಗೆ ಅಳ್ಲಿ?"

ಲೋಕೇಶನ ತಲೆ ಚಿಟ್ಟುಹಿಡಿದುಹೋಯಿತು. ಎಲ್ಲ ನಿನ್ನಿಂದ, ಅವತ್ತು ಒಂದು ಲೈಟ್ ಹಾಕಿದ್ದಿದ್ದರೆ ಈ ಗೋಳೇ ಇರುತ್ತಿರಲಿಲ್ಲ ಅಂತ ಮಗಳ ಮೇಲೆ ಹರಿಹಾಯ್ದ. ಇಷ್ಟು ದಿನ ಬೈಸಿಕೊಂಡು ಸುಮ್ಮನಿದ್ದ ಮಂಜುಶ್ರೀ ಈ ಸಲ ಬಾಯಿಬಿಟ್ಟಳು.

"ಲೈಟ್ ಹಾಕಿದ್ದೆ ಅಪ್ಪ. ಎದ್ದೋಗಿ ಆರಿಸಿದ್ದು ಅಜ್ಜಿ. ಬೆಳಕಲ್ಲಿ ಎಲ್ರೂ ಈ ಕೆನ್ನೆನೇ ನೋಡ್ತಾರೆ, ಇಂಗೇ ತೆಗಿ, ನಾನೂ ಒಸಿ ಕಾಣ್ಲಿ ಅಂದ್ಲು."

ಲೋಕೇಶ್ ಮುಖ ಸಿಂಡರಿಸಿಕೊಂಡೇ ಮತ್ತೆ ಆ ಕಪ್ಪು ಫೋಟೊ ತೆರೆದ. ಆ ಒಂದು ಕಣ್ಣು ಅವನನ್ನೇ ನೋಡುತ್ತಿತ್ತು. ತಡವಾಗಿ ಮನೆಗೆ ಬಂದಾಗಲೆಲ್ಲ, ಉಂಡೆಯಾ ಅಂತ ಬಾಯಲ್ಲಿ ಕೇಳದೆ ಬರೀ ನೋಟದಲ್ಲಿ ಕೇಳುತ್ತಿದ್ದ ಕಣ್ಣು. ಅಯ್ಯೋ ಅವ್ವಾ ಅಂದ. ಅದನ್ನೇ, ಇದ್ದ ಹಾಗೇ ಪ್ರಿಂಟ್ ಹಾಕಿದ.

ಬೆಳಗ್ಗೆ ನೆಂಟರು ಗೊಣಗಿದರು. ಏನೂ ಕಾಣಲ್ಲವಲ್ಲ, ಇಂಕು ಜಾಸ್ತಿಯಾಯ್ತಾ ಅಂತ ಒಬ್ಬರು ಕೇಳಿದರು. ಹಾಳಾದ ಟ್ಯೂಬ್‌ಲೈಟು ಗಾಜಿನ ಮೇಲೆ ಸರಿಯಾಗಿ ಆ ಕಣ್ಣಿನ ಜಾಗದಲ್ಲೇ ಹೊಳೆಯುತ್ತಿತ್ತು. ಲೋಕೇಶ್ ಫೋಟೊವನ್ನು ಅತ್ತ ಸರಿಸಿದ, ಇತ್ತ ಸರಿಸಿದ, ಹಾರವನ್ನು ಮೇಲೆತ್ತಿದ. ಸಾಕಾಗಿಹೋಗಿ, ದಡದಡ ಹೋಗಿ ಸ್ವಿಚ್ ಆರಿಸಿದ.

"ಲೈಟ್ ಯಾಕಪ್ಪಾ ಆರಿಸ್ದೆ?" ಅಂದ ನರಸಪ್ಪ.

"ಅವ್ವ ಕಾಣ್ಲಿ ಅಂತ."

ನರಸಪ್ಪ ಬಗ್ಗಿ ನೋಡಿದ. ಅಕ್ಕಾ ಅಂದವನೇ ಫೋಟೊ ಮುಂದೆ ಕುಸಿದು ಕೂತು ಗೊಳೋ ಅಂತ ಅತ್ತ. ಆಮೇಲೆ ಯಾರೂ ಲೈಟ್ ಹಾಕಿ ಅನ್ನಲಿಲ್ಲ.